ಹಡಗಿಗೆ ಸಾವಿರ ಕೋಟಿ, ಹೂಳಿಗೆ ಹದಿಮೂರು ಲಕ್ಷ

ಧ್ರುವ ಸಂಶೋಧನೆಗೆಂದೇ ಒಂದು ಹಡಗು ಕೊಳ್ಳಲು ಕೇಂದ್ರ ಸಂಪುಟ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಮೊತ್ತ 1,051.13 ಕೋಟಿ ರೂಪಾಯಿ. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯೂ ನಾರ್ವೆಯ ಕಾಂಗ್ಸ್‌ಬರ್ಗ್ ಕಂಪನಿಯೂ ಅದರ ಬಗ್ಗೆ ಒಡಂಬಡಿಕೆಗೆ ಸಹಿ ಹಾಕಿದ್ದು 2025ರ ಜೂನ್‌ನಲ್ಲಿ. ನಡುವಿನ ಹತ್ತು ವರ್ಷಗಳಲ್ಲಿ ನಮ್ಮ ವಿಜ್ಞಾನಿಗಳು ಅಂಟಾರ್ಕ್ಟಿಕಕ್ಕೆ ಹೋಗಿದ್ದೆಲ್ಲ ಬಾಡಿಗೆ ಹಡಗಿನಲ್ಲಿ, ಬಾಡಿಗೆ ವಿಮಾನದಲ್ಲಿ.

ಈಗ ಇನ್ನೊಂದು ಮೊತ್ತ ನೋಡಿ. ಅಂಟಾರ್ಕ್ಟಿಕ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ ‘ಸ್ಕಾರ್’ 1958ರಲ್ಲಿ ಹುಟ್ಟಿದ್ದು, ಭಾರತ ಅದರ ಸದಸ್ಯನಾಗಿದ್ದು 1984ರಲ್ಲಿ. ವೃತ್ತಿಯ ಆರಂಭದಲ್ಲಿರುವ ಸಂಶೋಧಕರಿಗೆ ಅದು ಕೊಡುವ ಫೆಲೋಶಿಪ್ ಹೆಚ್ಚೆಂದರೆ 15,000 ಡಾಲರ್. ಲೆಕ್ಕ ಸರಳವಾಗಲೆಂದು ಡಾಲರಿಗೆ 90 ರೂಪಾಯಿಯ ದುಂಡು ದರ ಹಿಡಿಯೋಣ. ಆಗ ಅದು 13.5 ಲಕ್ಷ ರೂಪಾಯಿ. ಮೇಲಿನ ಹಡಗಿನ ದುಡ್ಡಿನಲ್ಲಿ ಇಂಥ 7,786 ಫೆಲೋಶಿಪ್ ಕೊಡಬಹುದಿತ್ತು. ಹಾಗೆಂದು ಹಡಗು ಬೇಡ ಎನ್ನುವ ವಾದ ನನ್ನದಲ್ಲ. ಹಡಗಿಲ್ಲದೆ ಆ 7,786 ಜನ ಗೋವಾದ ದಂಡೆಯಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿ ಏನು ಅಳೆದಾರು? ನಾನು ಕೇಳುವುದು ಬೇರೆ. ಹಡಗು, ನಿಲ್ದಾಣ, ವಿಮಾನ ಎಲ್ಲಕ್ಕೂ ದುಡ್ಡು ಕೊಟ್ಟಾದ ಮೇಲೆ, ತಂದ ಮಾದರಿಯಿಂದ ಒಂದು ತಿಳಿವಳಿಕೆ ಹೊರಬರಲು ಇನ್ನೆಷ್ಟು ಬೇಕು? ಆ ಕೊನೆಯ ಕಂತನ್ನು ಯಾರು ಕಟ್ಟುತ್ತಾರೆ?

ಧ್ರುವ ವಿಜ್ಞಾನದ ಖರ್ಚು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಥ್ವೇಟ್ಸ್ ಹಿಮನದಿಯ ಯೋಜನೆ ಒಳ್ಳೆಯ ಉದಾಹರಣೆ. ಪಶ್ಚಿಮ ಅಂಟಾರ್ಕ್ಟಿಕಾದ ಈ ಹಿಮನದಿಯ ವಿಸ್ತಾರ ಸುಮಾರು 1,92,000 ಚದರ ಕಿಲೋಮೀಟರ್. ಕರ್ನಾಟಕದ ವಿಸ್ತೀರ್ಣ 1,91,791. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯ ಒಂದೇ ಹಿಮನದಿಯಾದರೆ ಎಷ್ಟೋ ಅಷ್ಟು. ಅದು ಪೂರ್ತಿ ಕರಗಿದರೆ ಜಗತ್ತಿನ ಕಡಲಮಟ್ಟ 65 ಸೆಂಟಿಮೀಟರಿನಷ್ಟು ಏರುತ್ತದೆ. ಇದನ್ನು ಅಧ್ಯಯನ ಮಾಡಲು ಅಮೆರಿಕ ಮತ್ತು ಬ್ರಿಟನ್ 2018ರಲ್ಲಿ ಕೈಜೋಡಿಸಿದಾಗ ವಿಜ್ಞಾನಕ್ಕೆಂದು ಎತ್ತಿಟ್ಟಿದ್ದು ಸುಮಾರು 2.5 ಕೋಟಿ ಡಾಲರ್. ಅಲ್ಲಿಗೆ ಜನರನ್ನೂ ಇಂಧನವನ್ನೂ ಡೇರೆಯನ್ನೂ ಸಾಗಿಸುವ ಖರ್ಚು ಸೇರಿಸಿದಾಗ ಮೊತ್ತ ಸುಮಾರು 5 ಕೋಟಿ ಡಾಲರ್ ಆಯಿತು, ಅಂದರೆ 450 ಕೋಟಿ ರೂಪಾಯಿ. ವಿಜ್ಞಾನಕ್ಕೆ ಒಂದು ರೂಪಾಯಿ ಹಾಕಿದರೆ ದಾರಿಖರ್ಚಿಗೆ ಇನ್ನೊಂದು ರೂಪಾಯಿ. ಅಟ್ಲಾಂಟಿಕದಲ್ಲೋ ಅರಬ್ಬಿ ಸಮುದ್ರದಲ್ಲೋ ಕೆಲಸ ಮಾಡುವವರಿಗೆ ಈ ಹೊರೆ ಇಷ್ಟಿಲ್ಲ. ಬ್ರಿಟನ್ನಿನ ‘ಸರ್ ಡೇವಿಡ್ ಅಟೆನ್‌ಬರೋ’ ಹಡಗೊಂದಕ್ಕೇ 20 ಕೋಟಿ ಪೌಂಡ್ ತಗುಲಿದೆ.

ಇಷ್ಟು ದೊಡ್ಡ ಮೊತ್ತಗಳ ಪಕ್ಕದಲ್ಲಿ ಐದು ಸಾವಿರ, ಹದಿನೈದು ಸಾವಿರ ಡಾಲರಿನ ಅನುದಾನ ಇಟ್ಟರೆ ತಮಾಷೆಯಂತೆ ಕಾಣುತ್ತದೆ. ಆದರೆ ಆ ಹಣ ಬೀಳುವ ಜಾಗ ಬೇರೆ.

ಪೂರ್ವ ಅಂಟಾರ್ಕ್ಟಿಕಾದಲ್ಲಿ ನಮ್ಮ ‘ಮೈತ್ರಿ’ ನಿಲ್ದಾಣ ಇರುವ ಶಿರ್ಮಾಕರ್ ಓಯಸಿಸ್ ಸುಮಾರು 35 ಚದರ ಕಿಲೋಮೀಟರಿನ ಬರಿಬಂಡೆಯ ಪಟ್ಟಿ. ಅಷ್ಟರಲ್ಲೇ ನೂರಕ್ಕೂ ಹೆಚ್ಚು ಕೆರೆಗಳಿವೆ. ಬೇಸಿಗೆಯಲ್ಲಿ ಕರಗಿದ ನೀರು ಬಂಡೆಯ ಪುಡಿಯನ್ನು ಕೆರೆಗೆ ತಂದು ಹಾಕುತ್ತದೆ. ಚಳಿ ಹೆಚ್ಚಿದ ಕಾಲಕ್ಕೆ ಒಂದು ಬಗೆಯ ಪುಡಿ, ಬಿಸಿ ಹೆಚ್ಚಿದ ಕಾಲಕ್ಕೆ ಇನ್ನೊಂದು ಬಗೆ. ಇಲ್ಲಿನ ‘ಸ್ಯಾಂಡಿ ಲೇಕ್’ ಎಂಬ ಕೆರೆಯ ಹೂಳಿನಿಂದ ಸುಮಾರು 42,500 ವರ್ಷಗಳ ಹವಾಮಾನದ ಕಥೆಯನ್ನು ಓದಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಅದರ ಹಿಂದೆ ಇದ್ದವರು ಗೋವಾದ ಧ್ರುವ ಸಂಶೋಧನಾ ಕೇಂದ್ರದ ಜೊತೆಗೂಡಿದ ಮಂಗಳೂರು ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು. ಪುಡಿಯ ಬಗೆ ಗುರುತಿಸಲು ಅವರು ಬಳಸಿದ ಸಾಧನ ಅದರಲ್ಲಿನ ಕಬ್ಬಿಣದ ಖನಿಜಗಳ ಕಾಂತತ್ವ.

ಇದರ ಕೆಲಸ ಹೀಗೆ. ಕೊಳವೆಯಲ್ಲಿ ತಂದ ಹೂಳನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತಾರೆ. ಒಂದೊಂದು ಬಿಲ್ಲೆಯನ್ನೂ 40 ಡಿಗ್ರಿ ದಾಟದ ಹದವಾದ ಶಾಖದಲ್ಲಿ ಒಣಗಿಸಬೇಕು. ಜಾಸ್ತಿ ಬಿಸಿ ಮಾಡಿದರೆ ಕಬ್ಬಿಣದ ಖನಿಜಗಳೇ ಬದಲಾಗಿಬಿಡುತ್ತವೆ. ಒಣಗಿದ ಪುಡಿಯನ್ನು ತೂಗಿ, ಅಲುಗಾಡದಂತೆ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೆಬ್ಬೆರಳಿನಷ್ಟು ಪುಟ್ಟ ಪ್ಲಾಸ್ಟಿಕ್ ಡಬ್ಬಿಗೆ ತುರುಕುತ್ತಾರೆ. ಕಾಂತತ್ವ ಅಳೆಯುವ ಮೀಟರಿನ ಬಾಯಿಗೆ ಡಬ್ಬಿ ಇಡುವ ಮೊದಲು ಒಮ್ಮೆ ಬರಿಗಾಳಿಯ ಅಳತೆ, ಇಟ್ಟಾಗ ಒಮ್ಮೆ, ತೆಗೆದ ಮೇಲೆ ಮತ್ತೊಮ್ಮೆ ಬರಿಗಾಳಿಯದು. ನಡುವೆ ಮೀಟರ್ ಎಷ್ಟು ಜಾರಿದೆ ಎಂದು ಗೊತ್ತಾಗುವುದು ಹಾಗೆ. ಅಳೆಯುವವರ ಜೇಬಿನಲ್ಲಿ ಬೀಗದ ಕೈ, ಮೊಬೈಲು ಇರುವಂತಿಲ್ಲ. ಒಂದು ಮೀಟರ್ ಉದ್ದದ ಹೂಳನ್ನು ಅರ್ಧ ಸೆಂಟಿಮೀಟರಿಗೊಂದರಂತೆ ಕತ್ತರಿಸಿದರೆ 200 ಡಬ್ಬಿ. ಉಪಕರಣ ಒಮ್ಮೆ ಕೈಯಲ್ಲಿದ್ದರೆ ಈ 200 ಅಳತೆಗಳಿಗೆ ಖರ್ಚು ಕರೆಂಟು ಬಿಲ್ಲು ಮತ್ತು ತಾಳ್ಮೆ, ಅಷ್ಟೇ.

ದುಡ್ಡು ಕೇಳುವುದು ಕಾಲನಿರ್ಣಯ. ಯಾವ ಬಿಲ್ಲೆ ಎಷ್ಟು ವರ್ಷ ಹಳೆಯದು ಎಂದು ತಿಳಿಯದಿದ್ದರೆ 200 ಅಳತೆಗಳೂ ತಾರೀಖಿಲ್ಲದ ಡೈರಿ. ಇಂಗಾಲ-14ರ ಎಎಂಎಸ್ ಪರೀಕ್ಷೆಗೆ ಹೊರದೇಶದ ಲ್ಯಾಬ್‌ಗಳು ಮಾದರಿಯೊಂದಕ್ಕೆ ಸುಮಾರು 300ರಿಂದ 600 ಡಾಲರ್ ಪಡೆಯುತ್ತವೆ. 500 ಎಂದುಕೊಂಡರೆ 45,000 ರೂಪಾಯಿ. ಹತ್ತು ಮಾದರಿಗೆ 4.5 ಲಕ್ಷ. ಅಂಟಾರ್ಕ್ಟಿಕದ ಕೆರೆಗಳಲ್ಲಿ ಹಳೆಯ ಇಂಗಾಲ ನೀರಲ್ಲೇ ಉಳಿದಿರುವುದರಿಂದ ಇಂದಿನ ಮೇಲ್ಪದರವೂ ನೂರಾರು, ಕೆಲವೊಮ್ಮೆ ಸಾವಿರಾರು ವರ್ಷ ಹಳೆಯದೆಂದು ತೋರಬಹುದು. ಆ ತಪ್ಪನ್ನು ಕಳೆಯಲು ಇನ್ನೊಂದೆರಡು ಮಾದರಿ ಬೇಕು. ಹೀಗೆ 450 ಕೋಟಿ, 1,000 ಕೋಟಿಗಳ ಮಾತಿನ ನಡುವೆ ಒಂದು ಇಡೀ ಅಧ್ಯಯನ ನಿಲ್ಲುವುದೋ ಬೀಳುವುದೋ ಎಂಬುದು ಐದು ಲಕ್ಷದ ಮೇಲೆ ನಿಂತಿರುತ್ತದೆ. ಬೋರ್‌ವೆಲ್ ಕೊರೆಸಿ, ನೀರೂ ಸಿಕ್ಕಿ, ಪಂಪ್‌ಸೆಟ್ಟಿಗೆ ಕಾಸಿಲ್ಲದೆ ಕೂತ ರೈತನ ಸ್ಥಿತಿ ಇದು.

ನಮ್ಮಲ್ಲಿ ಸಾಗಾಟದ ಭಾರವನ್ನು ಬಹುಪಾಲು ವಾಸ್ಕೊದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವೇ ಹೊರುತ್ತದೆ. ಮೊದಲ ತಂಡ 1981ರ ಡಿಸೆಂಬರಿನಲ್ಲಿ ಡಾ. ಎಸ್. ಝಡ್. ಖಾಸಿಂ ನೇತೃತ್ವದಲ್ಲಿ ಗೋವಾದಿಂದ ಹೊರಟಾಗ ಇದ್ದವರು 21 ಜನ. ತಲುಪಿದ್ದು 1982ರ ಜನವರಿ 9ರಂದು. ಈಗ ಕೇಪ್‌ಟೌನಿನಿಂದ ವಿಮಾನ ಹತ್ತಿದರೆ ಸುಮಾರು ಆರು ತಾಸಿನಲ್ಲಿ ಮೈತ್ರಿಯ ಹತ್ತಿರದ ಹಿಮದ ರನ್‌ವೇ. ಈ ವಿಮಾನ ಜಾಲದಲ್ಲಿ 11 ದೇಶಗಳ ಪಾಲಿದೆ. 2024ರ ಜನವರಿಯಲ್ಲಿ ಕೇಂದ್ರ ಸರ್ಕಾರ ಒಪ್ಪಿದ ‘ಪೃಥ್ವಿ’ ಯೋಜನೆಯ ಮೊತ್ತ 2021ರಿಂದ 26ರವರೆಗೆ 4,797 ಕೋಟಿ, ಅಂದರೆ ವರ್ಷಕ್ಕೆ ಸರಾಸರಿ 959 ಕೋಟಿ. ಅದರಡಿಯ ಐದು ಉಪಯೋಜನೆಗಳಲ್ಲಿ ಧ್ರುವ ಮತ್ತು ಹಿಮ ಸಂಶೋಧನೆಯ ‘ಪೇಸರ್’ ಒಂದು. ಉಳಿದ ನಾಲ್ಕರಲ್ಲಿ ಹವಾಮಾನ ಮುನ್ಸೂಚನೆ, ಸಾಗರ, ಭೂಕಂಪ, ತರಬೇತಿ ಎಲ್ಲ ಇವೆ.

ಇನ್ನು ಮನುಷ್ಯರ ಲೆಕ್ಕ. 2023ರ ಜನವರಿಯಿಂದ ಪಿಎಚ್‌ಡಿ ಮಾಡುವವರ ಕಿರಿಯ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000, ಹಿರಿಯ ಫೆಲೋಶಿಪ್ (ಎಸ್‌ಆರ್‌ಎಫ್) 42,000. ಎರಡು ವರ್ಷ ಅದು, ಮೂರು ವರ್ಷ ಇದು ಎಂದು ಕೂಡಿಸಿದರೆ ಮನೆ ಬಾಡಿಗೆ ಭತ್ಯೆ ಬಿಟ್ಟು ಐದು ವರ್ಷದ ಪಿಎಚ್‌ಡಿಗೆ ಸರ್ಕಾರ ಕೊಡುವುದು ಸರಿಯಾಗಿ 24 ಲಕ್ಷ ರೂಪಾಯಿ. 13.5 ಲಕ್ಷದ ಒಂದು ಫೆಲೋಶಿಪ್ ಅದರ ಅರ್ಧಕ್ಕಿಂತ ಹೆಚ್ಚು. ಬರ್ಗೆನ್‌ನಲ್ಲೋ ಕೇಂಬ್ರಿಜ್‌ನಲ್ಲೋ ಕೂತವರಿಗೆ ಹದಿನೈದು ಸಾವಿರ ಡಾಲರ್ ಮೂರ್ನಾಲ್ಕು ತಿಂಗಳ ಖರ್ಚು. ಕೊಣಾಜೆಯಲ್ಲೋ ಮಣಿಪಾಲದಲ್ಲೋ ಇರುವ ಸಂಶೋಧಕಿಗೆ ಅದು ಪ್ರಬಂಧದ ದಿಕ್ಕನ್ನೇ ಬದಲಿಸಬಲ್ಲ ಮೊತ್ತ. ಅಂಥ ಒಬ್ಬಾಕೆಯ ಬಜೆಟ್ ಹಾಕಿ ನೋಡಿದೆ, ನನ್ನದೇ ಅಂದಾಜು: ಹತ್ತು ಕಾಲನಿರ್ಣಯಕ್ಕೆ 4.5 ಲಕ್ಷ, ಹೋಗಿಬರುವ ಟಿಕೆಟ್ಟಿಗೆ ಒಂದು ಲಕ್ಷ, ವೀಸಾ-ವಿಮೆಗೆ 40 ಸಾವಿರ, ಇನ್ನೊಂದು ದೇಶದ ಲ್ಯಾಬ್‌ನಲ್ಲಿ ಮೂರು ತಿಂಗಳ ವಾಸಕ್ಕೆ 3.6 ಲಕ್ಷ. ಒಟ್ಟು 9.5 ಲಕ್ಷ. ಉಳಿದ ನಾಲ್ಕು ಲಕ್ಷ ಲ್ಯಾಬ್ ಶುಲ್ಕಕ್ಕೆ ಸರಿಹೋಗುತ್ತದೆ.

ಕಡಲಿನ ಕಡೆ ಬಂದರೆ ಸಣ್ಣ ದುಡ್ಡಿನ ಗಣಿತ ಇನ್ನೂ ಸ್ವಾರಸ್ಯ. ಮನುಷ್ಯರು ಸುಟ್ಟ ಇಂಧನದಿಂದ ಬಂದ ಇಂಗಾಲದ ಡೈಆಕ್ಸೈಡ್‌ನಲ್ಲಿ ಕಡಲು ಹೀರಿಕೊಂಡಿದ್ದರ ಸುಮಾರು 40 ಪ್ರತಿಶತ ದಕ್ಷಿಣ ಸಾಗರದ ಪಾಲು. ಅಷ್ಟು ಮುಖ್ಯವಾದ ಕಡಲಲ್ಲಿ ಚಳಿಗಾಲದ ಅಳತೆಗಳು ಬಹುಕಾಲ ತೀರ ವಿರಳವಾಗಿದ್ದವು, ಏಕೆಂದರೆ ಚಳಿಗಾಲದಲ್ಲಿ ಅಲ್ಲಿಗೆ ಹೋಗುವ ಹಡಗುಗಳೇ ಅಪರೂಪ. 1999ರಲ್ಲಿ ಶುರುವಾದ ಆರ್ಗೊ ಯೋಜನೆಯ ತೇಲುಯಂತ್ರಗಳು ಈ ಕೊರತೆಯನ್ನು ತುಂಬಿದವು. ಮನುಷ್ಯನೆತ್ತರದ ಕೊಳವೆಯಂಥ ಈ ಫ್ಲೋಟ್ ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೆ ಬರುತ್ತ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತದೆ. ಇಂಥವು ಈಗ ಜಗತ್ತಿನ ಕಡಲುಗಳಲ್ಲಿ ಸುಮಾರು 4,000 ಇವೆ. ಭಾರತದ ಪಾಲಿನವನ್ನು ಬಿಡುವುದು ಹೈದರಾಬಾದಿನ ಇನ್‌ಕಾಯಿಸ್.

ಸಾದಾ ಫ್ಲೋಟ್ ಒಂದರ ಬೆಲೆ ಹತ್ತಿರಹತ್ತಿರ 25,000 ಡಾಲರ್. ನಾಲ್ಕು ವರ್ಷ ಬಾಳಿದರೆ 146 ಸಲ ಮೇಲೆ ಬರುತ್ತದೆ. ಒಂದು ಸಲಕ್ಕೆ 171 ಡಾಲರ್, 15,400 ರೂಪಾಯಿ. ಇದನ್ನೇ ಹಡಗಿನಿಂದ ಮಾಡೋಣ. ಉಪಕರಣವನ್ನು ಸೆಕೆಂಡಿಗೆ ಒಂದು ಮೀಟರಿನಂತೆ ಇಳಿಸಿ ಏರಿಸಲು ಒಂದು ತಾಸಿನ ಮೇಲೆ ಬೇಕು, ಹಿಂದೆ ಮುಂದೆ ಸೇರಿ ಒಂದೂವರೆ ತಾಸು. ದೊಡ್ಡ ಸಂಶೋಧನಾ ಹಡಗಿಗೆ ದಿನಕ್ಕೆ 40,000 ಡಾಲರ್ ಎಂದು ಹಿಡಿದರೆ ಆ ಒಂದೂವರೆ ತಾಸಿಗೆ 2,500 ಡಾಲರ್, ಎರಡೂಕಾಲು ಲಕ್ಷ ರೂಪಾಯಿ. ಹದಿನೈದು ಪಟ್ಟು ಹತ್ತಿರ. ಇದರಲ್ಲೊಂದು ಮೋಸವಿದೆ, ಅದನ್ನೂ ಹೇಳಿಬಿಡಬೇಕು. ಫ್ಲೋಟನ್ನು ಅಲ್ಲಿ ಹಾಕಿ ಬರಲು ಯಾವುದೋ ಹಡಗು ಹೋಗಲೇಬೇಕು. ಅದು ನೀರಿನ ಮಾದರಿಯನ್ನು ಬಾಟಲಿಯಲ್ಲಿ ತಂದುಕೊಡುವುದಿಲ್ಲ. ಅದರ ಸಂವೇದಕ ಜಾರಿದೆಯೇ ಎಂದು ತಾಳೆ ನೋಡಲು ಮತ್ತೆ ಹಡಗಿನ ಅಳತೆಯೇ ಬೇಕು. ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಂಡರೆ ಮೇಲೆ ಬರದೆ, ಮಾಹಿತಿ ಒಳಗಿಟ್ಟುಕೊಂಡು ಬೇಸಿಗೆಗೆ ಕಾಯುತ್ತದೆ. ಆಮ್ಲತೆ, ಆಮ್ಲಜನಕ, ನೈಟ್ರೇಟ್ ಕೂಡ ಅಳೆಯುವ ಯಂತ್ರಗಳಾದರೆ ಬೆಲೆ ಬೇರೆಯೇ. ಅಮೆರಿಕದ ‘ಸೊಕಾಮ್’ ಯೋಜನೆ 2014ರಲ್ಲಿ 2.1 ಕೋಟಿ ಡಾಲರಿನೊಂದಿಗೆ ಶುರುವಾಯಿತು, ಗುರಿ 200 ಫ್ಲೋಟ್. ಕಂಪ್ಯೂಟರ್ ಮಾದರಿಗಳ ಖರ್ಚೂ ಸೇರಿ ಫ್ಲೋಟಿಗೆ 1,05,000 ಡಾಲರ್, 94.5 ಲಕ್ಷ ರೂಪಾಯಿ.

ಇದಕ್ಕಿಂತ ಅಗ್ಗದ ಕೆಲಸಗಾರರೂ ಇದ್ದಾರೆ. ಆನೆಸೀಲ್‌ಗಳ ತಲೆಯ ಮೇಲೆ ಅಂಟಿಸಿದ ಪುಟ್ಟ ಯಂತ್ರಗಳು, ಅವು ಮೀನಿಗಾಗಿ ಮುಳುಗೇಳುವಾಗಲೆಲ್ಲ ಕಡಲನ್ನು ಅಳೆಯುತ್ತವೆ; ವರ್ಷಕ್ಕೊಮ್ಮೆ ರೋಮ ಉದುರುವಾಗ ಯಂತ್ರವೂ ಉದುರುತ್ತದೆ. ಹೀಗೆ ಸೀಲ್‌ಗಳಿಂದ ಸಿಕ್ಕ ಅಳತೆಗಳು ಐದು ಲಕ್ಷ ದಾಟಿವೆ. ಹಡಗು ನುಗ್ಗಲಾಗದ ಮಂಜಿನಡಿಯ ಮಾಹಿತಿ ಬಹಳಷ್ಟು ಬಂದದ್ದು ಇವುಗಳಿಂದಲೇ. ಇವಕ್ಕೆ ಟಿಎ-ಡಿಎ ಕೊಡಬೇಕಿಲ್ಲ.

ಸಣ್ಣ ಖರ್ಚನ್ನು ಉಳಿಸಹೊರಟರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲಿ ಎರಡು ಸಾಕ್ಷಿಗಳಿವೆ. ಚಾರ್ಲ್ಸ್ ಕೀಲಿಂಗ್ ತಂಡ 1957ರಿಂದ ದಕ್ಷಿಣ ಧ್ರುವದ ಗಾಳಿಯನ್ನು ಗಾಜಿನ ಫ್ಲಾಸ್ಕ್‌ಗಳಲ್ಲಿ ತರಿಸಿ ಇಂಗಾಲದ ಡೈಆಕ್ಸೈಡ್ ಅಳೆಯುತ್ತಿತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲೂ ಅಳತೆ ಶುರುವಾಯಿತು. ಆಗಿನ ಮಟ್ಟ ಸುಮಾರು 313 ಪಿಪಿಎಂ. ಅಮೆರಿಕ ಸರ್ಕಾರ ಬಜೆಟ್ಟಿಗೆ ಕತ್ತರಿ ಹಾಕಿದ್ದರಿಂದ 1964ರ ಆರಂಭದ ಕೆಲ ತಿಂಗಳು ಮೌನಾ ಲೋವಾದ ಯಂತ್ರ ನಿಂತಿತು. ಜಗತ್ತಿನ ಅತಿ ಪ್ರಸಿದ್ಧ ಹವಾಮಾನ ರೇಖೆಯಲ್ಲಿ ಆ ಖಾಲಿ ಜಾಗ ಇವತ್ತಿಗೂ ಇದೆ. ಈಗ ಎಷ್ಟು ಕೋಟಿ ಕೊಟ್ಟರೂ 1964ರ ಮಾರ್ಚ್ ತಿಂಗಳ ಗಾಳಿಯನ್ನು ಅಳೆಯಲಾಗದು. ದಕ್ಷಿಣ ಧ್ರುವದಲ್ಲಿ ಮಟ್ಟ 400 ದಾಟಿದ್ದು 2016ರ ಮೇ 23ರಂದು.

ಇನ್ನೊಂದು ಓಜೋನ್ ಕಥೆ. ಬ್ರಿಟನ್ನಿನ ಹ್ಯಾಲಿ ನಿಲ್ದಾಣದಲ್ಲಿ 1950ರ ದಶಕದಿಂದ ಡಾಬ್ಸನ್ ಎಂಬ ಹಳೇ ಮಾದರಿಯ ಉಪಕರಣದಲ್ಲಿ ತಪ್ಪದೆ ಓಜೋನ್ ಅಳೆಯುತ್ತಿದ್ದರು. ಹೊಸದೇನೂ ಸಿಗದ ಕೆಲಸಕ್ಕೆ ದುಡ್ಡೇಕೆ ಎಂಬ ಪ್ರಶ್ನೆ ಎದ್ದ ಕಾಲದಲ್ಲೇ ಅಕ್ಟೋಬರ್ ತಿಂಗಳ ಅಂಕಿಗಳು ಕುಸಿಯತೊಡಗಿದ್ದವು. ಹಿಂದೆ ಸುಮಾರು 300 ಡಾಬ್ಸನ್ ಮಾನ ಇದ್ದದ್ದು 1984ರ ಹೊತ್ತಿಗೆ 200ಕ್ಕಿಂತ ಕೆಳಗೆ. ಫಾರ್ಮನ್, ಗಾರ್ಡಿನರ್, ಶ್ಯಾಂಕ್ಲಿನ್ 1985ರಲ್ಲಿ ಅದನ್ನು ಪ್ರಕಟಿಸಿದರು. ಎರಡೇ ವರ್ಷದಲ್ಲಿ ಓಜೋನ್ ಉಳಿಸುವ ಮಾಂಟ್ರಿಯಲ್ ಒಪ್ಪಂದವಾಯಿತು.

ಮೀನುಗಾರಿಕೆಯ ಲೆಕ್ಕದಲ್ಲಿ ಈ ಮಾತು ಇನ್ನೂ ಖಾರ. ದಕ್ಷಿಣ ಸಾಗರದ ಕ್ರಿಲ್ ಎಂಬ ಸಿಗಡಿಯಂಥ ಜೀವಿಯನ್ನು ತಿಮಿಂಗಿಲ, ಪೆಂಗ್ವಿನ್, ಸೀಲ್ ಎಲ್ಲವೂ ತಿನ್ನುತ್ತವೆ. ಮನುಷ್ಯರೂ ಎಣ್ಣೆಗೂ ಮೀನಿನ ಮೇವಿಗೂ ಹಿಡಿಯುತ್ತಾರೆ. ಅಟ್ಲಾಂಟಿಕ ಭಾಗದಲ್ಲಿ ಹಿಡಿತ 6,20,000 ಟನ್ ಮುಟ್ಟಿದರೆ ನಿಲ್ಲಿಸಬೇಕೆಂಬುದು ಹೋಬಾರ್ಟಿನ ‘ಕ್ಯಾಮ್ಲಾರ್’ ಆಯೋಗದ ನಿಯಮ. 2025ರಲ್ಲಿ ಆ ಗೆರೆ ಮುಟ್ಟಿ ಆಗಸ್ಟ್‌ನಲ್ಲೇ ಬಾಗಿಲು ಹಾಕಬೇಕಾಯಿತು. ಆ ಭಾಗದಲ್ಲಿರುವ ಒಟ್ಟು ಕ್ರಿಲ್ 2019ರ ಸಮೀಕ್ಷೆಯ ಪ್ರಕಾರ 6.26 ಕೋಟಿ ಟನ್, ಹಾಗಾಗಿ ಹಿಡಿತ ಒಂದು ಪ್ರತಿಶತದಷ್ಟೇ ಎನ್ನುತ್ತಾರೆ. ಆದರೆ ಅದಕ್ಕೂ ಹಿಂದಿನ ದೊಡ್ಡ ಸಮೀಕ್ಷೆ ನಡೆದದ್ದು 2000ದಲ್ಲಿ. ಹತ್ತೊಂಬತ್ತು ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವ ಕಿರಾಣಿ ಅಂಗಡಿಗೆ ಯಾವ ಬ್ಯಾಂಕೂ ಸಾಲ ಕೊಡದು. ಎಲ್ಲಿ, ಯಾವ ತಿಂಗಳು, ಯಾವ ಪೆಂಗ್ವಿನ್ ನೆಲೆಯ ಎದುರಿಗೆ ಹಿಡಿಯುತ್ತಾರೆ ಎಂಬ ನಡುವಿನ ಮಾಹಿತಿ ಸಣ್ಣ ಅಧ್ಯಯನಗಳಿಂದಲೇ ಬರಬೇಕು. ಇದೇ ಆಯೋಗ ಯುವ ವಿಜ್ಞಾನಿಗಳಿಗೆ ಎರಡು ವರ್ಷಕ್ಕೆ 30,000 ಆಸ್ಟ್ರೇಲಿಯನ್ ಡಾಲರ್‌ವರೆಗೆ, ಅಂದಾಜು 18 ಲಕ್ಷ ರೂಪಾಯಿ, ಕೊಡುತ್ತದೆ. ಅವರು ತನ್ನ ಸಭೆಗಳಿಗೆ ಬಂದು ಕೂತು ಅಂಕಿಗಳ ಜಗಳದಲ್ಲಿ ಪಾಲ್ಗೊಳ್ಳಲಿ ಎಂದು. ಭಾರತ ಈ ಆಯೋಗದ ಸದಸ್ಯ. ಆಗ ಕ್ರಿಲ್ ಹಿಡಿಯುತ್ತಿದ್ದ ನಾರ್ವೆಯ ಅಕರ್ ಬಯೋಮರೀನ್ ಕಂಪನಿ 2015ರಲ್ಲಿ ಪರಿಸರ ಸಂಘಟನೆಗಳ ಜೊತೆ ಸೇರಿ ಒಂದು ಸಂಶೋಧನಾ ನಿಧಿಯನ್ನೂ ಹುಟ್ಟುಹಾಕಿತು. ಹಿಡಿಯುವವರೇ ಎಣಿಕೆಗೂ ದುಡ್ಡು ಕೊಡುವುದು ಸರಿಯೇ? ಸರ್ಕಾರಗಳ ಕೈ ಬಿಗಿಯಾಗಿರುವಾಗ ಬೇಡವೆನ್ನುವುದೂ ಕಷ್ಟ.

ಸಣ್ಣ ಅನುದಾನವನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುವ ಖರ್ಚು ಅರ್ಜಿಯದು. 40 ಜನ ಅರ್ಜಿ ಹಾಕಿ ನಾಲ್ವರಿಗೆ ಸಿಗುತ್ತದೆ, ಒಬ್ಬೊಬ್ಬರೂ ಹತ್ತು ದಿನ ಕೂತು ಬರೆಯುತ್ತಾರೆ ಎಂದುಕೊಳ್ಳಿ. 400 ಮನುಷ್ಯದಿನ. ಎಸ್‌ಆರ್‌ಎಫ್ ದರದಲ್ಲಿ ದಿನಕ್ಕೆ 1,400 ರೂಪಾಯಿ ಎಂದರೆ 5.6 ಲಕ್ಷ, ಸಿಕ್ಕ ಒಂದೊಂದು ಅನುದಾನಕ್ಕೆ 1.4 ಲಕ್ಷ. ಅನುದಾನ 13.5 ಲಕ್ಷದ್ದಾದರೆ ಹತ್ತರಲ್ಲೊಂದು ಭಾಗ ಅರ್ಜಿಯಲ್ಲೇ ಹೋಯಿತು, ಹೋಗಲಿ. ಅನುದಾನವೇ ಎರಡು ಲಕ್ಷದ್ದಾದರೆ 70 ಪ್ರತಿಶತ ಹೋಯಿತು. ಎರಡು ಲಕ್ಷಕ್ಕೆ ಇಪ್ಪತ್ತು ಪುಟದ ಪ್ರಸ್ತಾವ, ಮೂರು ಶಿಫಾರಸು, ಮೂರು ಕೊಟೇಶನ್ ಕೇಳುವ ಸಂಸ್ಥೆ ವಿಜ್ಞಾನಕ್ಕೆ ಕೊಡುವುದಕ್ಕಿಂತ ಕಿತ್ತುಕೊಳ್ಳುವುದೇ ಹೆಚ್ಚು. ಎರಡು ಪುಟ ಸಾಕು.

ಮೇಲಿಂದ ತೆರಿಗೆ. ಸರ್ಕಾರಿ ಅನುದಾನದ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗೆ ಇದ್ದ 5 ಪ್ರತಿಶತದ ರಿಯಾಯಿತಿ ಜಿಎಸ್‌ಟಿ ದರವನ್ನು 2022ರ ಜುಲೈನಲ್ಲಿ ತೆಗೆದರು. ಐದು ಲಕ್ಷದ ಉಪಕರಣಕ್ಕೆ ಹಿಂದೆ 25,000 ಕಟ್ಟುತ್ತಿದ್ದವರು 18 ಪ್ರತಿಶತದ ಲೆಕ್ಕದಲ್ಲಿ 90,000 ಕಟ್ಟಬೇಕು. ಆ 65,000ದಲ್ಲಿ ಒಂದು ಕಾಲನಿರ್ಣಯ ಆಗಿ ಚಿಲ್ಲರೆ ಉಳಿಯುತ್ತಿತ್ತು. ರೂಪಾಯಿಯೂ ಕೈಕೊಡುತ್ತದೆ. 2022ರ ಆರಂಭದಲ್ಲಿ ಡಾಲರಿಗೆ 75ರ ಆಸುಪಾಸು ಇತ್ತು. ಆಗ ಮಂಜೂರಾದ ಹತ್ತು ಲಕ್ಷ 13,333 ಡಾಲರ್. 90ರ ದರದಲ್ಲಿ ಅದೇ ಹತ್ತು ಲಕ್ಷ 11,111. ನಾಲ್ಕು ಮಾದರಿ ಫ್ರೀಜರಿನಲ್ಲೇ ಉಳಿದವು.

ಇಷ್ಟರ ಮೇಲೆ ಕ್ಯಾಲೆಂಡರಿನ ಜಗಳ. ಅಂಟಾರ್ಕ್ಟಿಕದ ಬೇಸಿಗೆ ನವೆಂಬರಿನಿಂದ ಫೆಬ್ರುವರಿ. ಮಾದರಿಗಳನ್ನು ಹೊತ್ತ ಹಡಗು ಮರಳುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ನಮ್ಮ ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಹೂಳು ಇನ್ನೂ ಹಿಂದೂ ಮಹಾಸಾಗರದ ಮೇಲೆ ತೇಲುತ್ತಿರುವಾಗ, ಅದರ ವಿಶ್ಲೇಷಣೆಗೆ ಕೊಟ್ಟ ಹಣದ ಬಳಕೆ ಪ್ರಮಾಣಪತ್ರ (ಯು.ಸಿ.) ಕೇಳಿ ಅಕೌಂಟ್ಸ್ ವಿಭಾಗದಿಂದ ಮೇಲ್ ಬರುತ್ತದೆ. ಖರ್ಚು ತೋರಿಸಲೇಬೇಕಾದ ಅವಸರದಲ್ಲಿ ಲ್ಯಾಪ್‌ಟಾಪೂ ಪ್ರಿಂಟರ್ ಕಾರ್ಟ್ರಿಜ್ಜೂ ಖರೀದಿಯಾಗುವುದು ಯಾವ ಇಲಾಖೆಗೂ ಹೊಸತಲ್ಲ. ಆರ್ಕ್ಟಿಕ್ಕಿನವರ ಪಾಡು ಸ್ವಲ್ಪ ವಾಸಿ. 2008ರಲ್ಲಿ ನಾರ್ವೆಯ ನೀ-ಓಲೆಸುಂಡ್‌ನಲ್ಲಿ ತೆರೆದ ‘ಹಿಮಾದ್ರಿ’ಗೆ ಬೇಸಿಗೆಯೆಂದರೆ ಜೂನ್-ಸೆಪ್ಟೆಂಬರ್, ಹೊಸ ಆರ್ಥಿಕ ವರ್ಷದ ಹಣ ಕೈಸೇರಿರುತ್ತದೆ. ಅಲ್ಲಿಗೆ 2023ರ ಡಿಸೆಂಬರಿನಲ್ಲಿ ಹೊರಟ ಮೊದಲ ಚಳಿಗಾಲದ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು.

ಏನು ಮಾಡಬಹುದು ಎಂಬುದಕ್ಕೆ ನನ್ನದೊಂದು ಕೂಡು-ಕಳೆಯ ಲೆಕ್ಕ. 2014ರಲ್ಲಿ ಹಡಗಿಗೆ ಒಪ್ಪಿದ ಮೊತ್ತದ ಒಂದು ಪ್ರತಿಶತ 10.51 ಕೋಟಿ. ಅದನ್ನು ಇಡುಗಂಟಾಗಿಟ್ಟು 7 ಪ್ರತಿಶತ ಬಡ್ಡಿ ಬಂದರೆ ವರ್ಷಕ್ಕೆ 73.6 ಲಕ್ಷ. ಐದೈದು ಲಕ್ಷದಂತೆ ಹಂಚಿದರೆ 14 ಜನರಿಗೆ, ಅಸಲು ಮುಟ್ಟದೆ. ಬಡ್ಡಿಯ ಹಣವಾದ್ದರಿಂದ ಮಾರ್ಚ್ 31ರ ಕಾಟ ಇಲ್ಲದಂತೆ ನಿಯಮ ಬರೆಯಬಹುದು. ಅರ್ಜಿ ಎರಡು ಪುಟ, ಹಣ ಬರುವುದು ಹಡಗು ಬಂದ ಮೇಲೆ. ಮುಂದಿನ ಅಂತರರಾಷ್ಟ್ರೀಯ ಧ್ರುವ ವರ್ಷ 2032-33ಕ್ಕೆ ಗೊತ್ತಾಗಿದೆ. 2027ರಲ್ಲಿ ಆರಂಭಿಸಿದರೆ 2031ರ ಕೊನೆಗೆ 70 ಜನ ತಯಾರಿರುತ್ತಾರೆ. ಹೊಸ ಹಡಗು ಅಷ್ಟರೊಳಗೆ ಬಂದರೆ ಅದನ್ನು ಹತ್ತಲು, ಬರದಿದ್ದರೆ ಈಗಾಗಲೇ ತಂದಿಟ್ಟ ಹೂಳನ್ನಾದರೂ ಓದಿ ಮುಗಿಸಲು.